ನಾಲ್ಕನೇ ರೂಮಿನವನ ಎಡೆ

ಧೂಪದ ಹೊಗೆ, ಮಟನ್ ಸಾರಿನ ಹಬೆ, ಮುಚ್ಚಳ ಬಿಚ್ಚಿಟ್ಟ ಬ್ರಾಂದಿ. ಈ ಮೂರು ವಾಸನೆ ಬೇರೆ ಬೇರೆಯಾಗಿ ಬಂದರೆ ನನಗೆ ಏನೂ ಆಗುವುದಿಲ್ಲ. ಒಟ್ಟಿಗೆ ಬಂದರೆ ಮಾತ್ರ ಇದ್ದ ಜಾಗದಲ್ಲೇ ನಿಂತುಬಿಡುತ್ತೇನೆ. ಮೊನ್ನೆ ಮಹಾಲಯ ಅಮಾವಾಸ್ಯೆಯ ದಿನ ನಾಗಸಂದ್ರದ ಮಾರ್ಕೆಟ್ಟಿನಿಂದ ಬಾಳೆ ಎಲೆ ಕಟ್ಟು ಹಿಡಿದುಕೊಂಡು ನಮ್ಮ ಅಪಾರ್ಟ್‌ಮೆಂಟಿನ ಮೆಟ್ಟಿಲು ಹತ್ತುತ್ತಿದ್ದೆ. ಎರಡನೇ ಮಹಡಿಯಲ್ಲಿ ಯಾರದೋ ಮನೆಯ ಬಾಗಿಲ ಸಂದಿಯಿಂದ ಮೂರೂ ಸೇರಿ ಬಂತು. ಅಲ್ಲೇ ಮೆಟ್ಟಿಲ ಮೇಲೆ ಕೂತೆ. ಮೇಲಿನಿಂದ ಇಳಿದು ಬಂದ ಹುಡುಗಿಯೊಬ್ಬಳು ಕಿವಿಯ ವೈರು ತೆಗೆದು, "ಆಂಟಿ, ಹುಷಾರಾಗಿದ್ದೀರಾ?" ಎಂದು ಕೇಳಿದಳು. ಹುಷಾರಾಗಿಯೇ ಇದ್ದೆ. ನಾಚಿಕೆಯಾಗಿತ್ತು, ಅಷ್ಟೆ. ಇಷ್ಟು ವರ್ಷವಾದ ಮೇಲೂ ಆ ವಾಸನೆಗೆ ನನಗೆ ಮೊದಲು ಬರುವುದು ನಾಚಿಕೆ. ಅಳು ಆಮೇಲೆ ಬರುತ್ತದೆ, ಬಂದರೆ.

ನಿಮ್ಮ ಮನೆಯಲ್ಲೂ ಹಿರಿಯರಿಗೆ ಎಡೆ ಇಡುವ ಪದ್ಧತಿ ಇದ್ದರೆ ನಾನು ಹೇಳುವುದು ಬೇಗ ಅರ್ಥವಾಗುತ್ತದೆ. ಇಲ್ಲದವರಿಗೆ ಹೇಳಿಬಿಡುತ್ತೇನೆ. ಆ ದಿನ ಸತ್ತವರು ಊಟಕ್ಕೆ ಬರುತ್ತಾರೆ. ನಡುಮನೆಯಲ್ಲಿ ಸಾಲಾಗಿ ಎಲೆ ಹಾಸಿ, ಯಾರಿಗೆ ಏನು ಇಷ್ಟವೋ ಅದನ್ನು ಅವರವರ ಎಲೆಗೆ ಬಡಿಸಬೇಕು. ತಾತನಿಗೆ ಗಟ್ಟಿ ಮುದ್ದೆ, ತಲೆಮಾಂಸ, ಒಂದು ಕಟ್ಟು ಬೀಡಿ. ಮುತ್ತಜ್ಜಿಗೆ ಕಜ್ಜಾಯ, ಎಲೆ ಅಡಿಕೆ. ಪ್ರತಿ ಎಲೆಯ ಮುಂದೆ ಒಂದು ಲೋಟ ನೀರು. ಆಮೇಲೆ ಧೂಪ ಹಾಕಿ, ಒಬ್ಬೊಬ್ಬರನ್ನೇ ಕರೆದು, ಬದುಕಿರುವವರೆಲ್ಲ ಹೊರಗೆ ಬಂದು ಬಾಗಿಲು ಮುಚ್ಚಿಕೊಳ್ಳಬೇಕು. ನಾವು ನೋಡುತ್ತಿದ್ದರೆ ಅವರು ಉಣ್ಣುವುದಿಲ್ಲವಂತೆ. ಒಂದಷ್ಟು ಹೊತ್ತು ಜಗಲಿಯಲ್ಲಿ ಕೂತಿದ್ದು, ಕೆಮ್ಮಿ, ಬಾಗಿಲು ತಟ್ಟಿ, ಅವರಿಗೆ ಕೈ ತೊಳೆದುಕೊಂಡು ಏಳುವಷ್ಟು ಸಮಯ ಕೊಟ್ಟು ಒಳಗೆ ಹೋಗಬೇಕು. ನನ್ನ ಅಜ್ಜಿ ಕರೆಯುವ ರೀತಿಯೇ ಬೇರೆ. "ಮಾವ, ಉಪ್ಪು ಜಾಸ್ತಿ ಆಯ್ತು ಅಂತ ಎಲೆ ದೂಡಬ್ಯಾಡ, ಈ ಸಲ ನಿನ್ನ ಸೊಸೆ ಮಾಡಿಲ್ಲ, ಮೊಮ್ಮಗನ ಹೆಂಡ್ರು ಮಾಡವ್ಳೆ" ಅನ್ನುತ್ತಿದ್ದಳು. ಸತ್ತವರ ಜೊತೆ ಜಗಳಕ್ಕೂ ಅವಳಿಗೆ ಸಲಿಗೆ ಇತ್ತು.

ಚಿಕ್ಕಬಾಣಾವರದ ಆಚೆ, ರೈಲು ಹಳಿಗೆ ಬೆನ್ನು ಮಾಡಿಕೊಂಡು ನಮ್ಮ ಮನೆ ಇತ್ತು. ಮುಂದೆ ಉದ್ದ ಜಗಲಿ, ಒಳಗೆ ನಡುಮನೆ, ಪಕ್ಕಕ್ಕೆ ಕೊಟ್ಟಿಗೆ, ಹಿಂದೆ ರಾಗಿ ಬಡಿಯುವ ಕಣ. ಹೊಲ ಕಳೆದುಕೊಂಡು ಕಣಕ್ಕೆ ಕೆಲಸವಿಲ್ಲದಾದಾಗ ಚಿಕ್ಕಪ್ಪ ಅಲ್ಲಿ ಶೀಟು ಹೊದಿಸಿದ ರೂಮುಗಳ ಸಾಲು ಕಟ್ಟಿಸಿ ಬಾಡಿಗೆಗೆ ಬಿಟ್ಟ. ಪೀಣ್ಯದ ಶೆಡ್ಡುಗಳಲ್ಲಿ ಕೆಲಸ ಮಾಡುವ ಗದಗ, ಬಾಗಲಕೋಟೆ, ರಾಯಚೂರು ಕಡೆಯವರು ಬಂದು ತುಂಬಿಕೊಂಡರು. ಬಾಗಿಲುಗಳ ಮೇಲೆ ನೀಲಿ ಬಣ್ಣದಲ್ಲಿ ನಂಬರು ಬರೆಸಿದ್ದ. ನಮಗೆ ಆ ಜನ ನಂಬರೇ ಆದರು. ಎರಡನೇ ರೂಮಿನವಳು ನಲ್ಲಿ ಬಿಟ್ಟು ಹೋಗಿದ್ದಾಳೆ, ಆರನೇ ರೂಮಿನ ಮಗುವಿಗೆ ಜ್ವರ, ಐದನೇ ರೂಮಿನವನು ಊರಿಗೆ ಹೋಗಿದ್ದಾನೆ. ಒಂದೇ ಬೋರ್‌ವೆಲ್ಲಿನ ನೀರು ಕುಡಿಯುತ್ತಿದ್ದೆವು, ಒಂದೇ ಗೇಟಿನಲ್ಲಿ ಓಡಾಡುತ್ತಿದ್ದೆವು. ಅವರ ಹೆಸರು ಕೇಳಬೇಕು ಅಂತ ನಮ್ಮ ಮನೆಯಲ್ಲಿ ಒಬ್ಬರಿಗೂ ಅನ್ನಿಸಿರಲಿಲ್ಲ. ಹಸುಗಳಿಗೆ ಮಾತ್ರ ಹೆಸರಿತ್ತು.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ನನ್ನ ಅಪ್ಪ ತೀರಿಕೊಂಡ. ಕುಡಿದು ಕುಡಿದು ಲಿವರ್ ಹೋಗಿತ್ತು. ಕೇಳಿದವರಿಗೆಲ್ಲ ಕಾಮಾಲೆ ಎಂದು ಹೇಳಿದೆವು. ಮನೆಯೊಳಗೆ ನಾವು ನಾವೇ ಮಾತಾಡುವಾಗಲೂ ಕಾಮಾಲೆ ಎಂದೇ ಅನ್ನುತ್ತಿದ್ದೆವು, ಬ್ರಾಂದಿ ಎಂಬ ಮಾತನ್ನು ಯಾರೂ ತೆಗೆಯುತ್ತಿರಲಿಲ್ಲ. ನಡುಮನೆಯಲ್ಲಿ ಅಪ್ಪನನ್ನು ಮಲಗಿಸಿದ್ದರು. ತಲೆ ಇದ್ದ ಜಾಗದಲ್ಲಿ ಹನ್ನೊಂದು ದಿನ ದೀಪ ಉರಿಯಿತು. ದೀಪ ತೆಗೆದ ಮೇಲೂ ಅಜ್ಜಿ ಆ ಜಾಗ ತುಳಿಯಲಿಲ್ಲ. ನಡುಮನೆಯೊಳಗೇ ಕಾಲಿಡುವುದನ್ನು ಬಿಟ್ಟಳು. ಅಡುಗೆಮನೆಯಿಂದ ಜಗಲಿಗೆ ಬರಬೇಕಾದರೆ ಹಿತ್ತಲ ಬಾಗಿಲಿನಿಂದ ಹೊರಬಿದ್ದು, ಕೊಟ್ಟಿಗೆ ಸುತ್ತಿಕೊಂಡು ಬರುತ್ತಿದ್ದಳು. ರಾತ್ರಿ ಒಲೆ ಪಕ್ಕದಲ್ಲೇ ಚಾಪೆ. ಅಮ್ಮ ಹೊಲಿಗೆ ಮಿಷನ್ನು ತಂದಿಟ್ಟುಕೊಂಡು ಊರಿನ ರವಿಕೆಗಳನ್ನೆಲ್ಲ ಹೊಲಿಯತೊಡಗಿದಳು. ಚಿಕ್ಕಪ್ಪ ಗೋಡೆಗೆ ಸುಣ್ಣ, ಗೇಟಿಗೆ ಬಣ್ಣ, ಚರಂಡಿಗೆ ಚಪ್ಪಡಿ ಅಂತ ದಿನಕ್ಕೊಂದು ಕೆಲಸ ಹುಡುಕಿಕೊಂಡ. ನಮ್ಮ ಮನೆಯಲ್ಲಿ ಯಾರೂ ಕೂತು ಅಳಲಿಲ್ಲ. ಕಾಮಾಲೆ ಅಂತ ಸುಳ್ಳು ಹೇಳಿದ ಬಾಯಲ್ಲಿ ಹೇಗೆ ತಾನೆ ಅಳುವುದು?

ಆಗ ನಾಲ್ಕನೇ ರೂಮಿನಲ್ಲಿ ಒಬ್ಬ ಲೇತ್ ಕೆಲಸದವನಿದ್ದ. ಸುಮಾರು ನನ್ನ ಅಪ್ಪನ ವಯಸ್ಸು. ಯಾವಾಗಲೂ ಎಣ್ಣೆ ಕಲೆಯ ನೀಲಿ ಶರ್ಟು, ಅದಕ್ಕೆ ಕುತ್ತಿಗೆವರೆಗೂ ಗುಂಡಿ. ಶಿಫ್ಟು ಮುಗಿಸಿಕೊಂಡು ಬಂದವನು ಗೇಟಿನ ಹತ್ತಿರ ಸೈಕಲ್ಲಿನಿಂದ ಇಳಿದು, ಹಿಂದಿನ ಚಕ್ರವನ್ನು ಚೂರು ಎತ್ತಿ ಹಿಡಿದು, ಕಲ್ಲಿಗೆ ತಾಗದಂತೆ ಒಳಗೆ ತರುತ್ತಿದ್ದ. ಜಗಲಿಯಲ್ಲಿ ಕೂತ ಅಜ್ಜಿಗೆ, "ನಮಸ್ಕಾರ್ರೀ ಅಮ್ಮಾರ" ಅನ್ನುತ್ತಿದ್ದ. ಅಜ್ಜಿ "ಊಂ" ಅನ್ನುತ್ತಿದ್ದಳು. ಅವರಿಬ್ಬರ ನಡುವೆ ನಡೆದ ಮಾತುಕತೆಯೆಲ್ಲ ಅಷ್ಟೆ. ಅವನ ಹೆಂಡತಿ ಊರಿನಿಂದ ಬಂದು ಬಹಳ ದಿನವಾಗಿರಲಿಲ್ಲ. ಭಾನುವಾರ ನಮ್ಮ ಮನೆಯ ಸಾರಿನ ಘಮಲು ಕಣದ ತನಕ ಹರಡಿದಾಗ ಆ ರೂಮಿನಿಂದ ರೊಟ್ಟಿ ಬಡಿಯುವ ಸದ್ದು ಮಾತ್ರ ಬರುತ್ತಿತ್ತು. ಪಟ ಪಟ ಪಟ ಅಂತ ಒಂದೇ ಸಮನೆ. ಅದು ಬಿಟ್ಟು ಇನ್ನೇನೂ ಅಲ್ಲಿ ಬೇಯುವುದಿಲ್ಲ ಎಂಬುದನ್ನು ಗಮನಿಸಬಹುದಿತ್ತು. ಗಮನಿಸುವವರು ಬೇಕಲ್ಲ.

ಅಪ್ಪ ಹೋಗಿ ಇನ್ನೂ ವರ್ಷ ತುಂಬಿರಲಿಲ್ಲ. ಒಂದು ಮಧ್ಯಾಹ್ನ ಗೇಟಿನ ಮುಂದೆ ಆಂಬುಲೆನ್ಸ್ ಬಂದು ನಿಂತಿತು. ಸೈಕಲ್ಲಿನಲ್ಲಿ ತುಮಕೂರು ರಸ್ತೆ ದಾಟುವಾಗ ನಾಲ್ಕನೇ ರೂಮಿನವನಿಗೆ ಲಾರಿ ಹೊಡೆದಿತ್ತು. ಜೊತೆ ಕೆಲಸದವರು ಆಸ್ಪತ್ರೆಯಿಂದ ಹೆಣ ತಂದಿದ್ದರು. ಊರಿಗೆ ಒಯ್ಯುವ ಮೊದಲು ಒಂದು ಗಳಿಗೆ ಅವನ ರೂಮಿನಲ್ಲಿ ಮಲಗಿಸಿ, ಮುಖ ತೊಳೆದು, ಹಾರ ಹಾಕಿ ಹೊರಡುತ್ತೇವೆ ಎಂದರು. ಚಿಕ್ಕಪ್ಪ ಗೇಟಿಗೆ ಅಡ್ಡ ನಿಂತ. ಅವನ ದನಿ ಗಟ್ಟಿಯೇನೂ ಇರಲಿಲ್ಲ, ಬೇಡಿಕೊಳ್ಳುವವನ ಹಾಗೇ ಇತ್ತು. "ನೋಡಣ್ಣ, ಬೇಜಾರ್ ಮಾಡ್ಕೋಬೇಡಿ. ಒಳಗೆ ಬೇಡ. ಉಳಿದ ರೂಮ್ನೋರು ಖಾಲಿ ಮಾಡ್ಬಿಡ್ತಾರೆ, ಆಮೇಲೆ ಆ ರೂಮಿಗೆ ಯಾರೂ ಬರಲ್ಲ. ಹೆಂಗಿದ್ರೂ ಊರಿಗೆ ತಗೊಂಡು ಹೋಗ್ತೀರಲ್ಲ, ಇಲ್ಲೇ ಮಾಡ್ಕೊಂಡು ಹೊರಟ್ಬಿಡಿ." ಬೆಂಗಳೂರಿನಲ್ಲಿ ಬಾಡಿಗೆ ಮನೆ ಹಿಡಿದವರಿಗೆ ಈ ಮಾತು ಹೊಸದಲ್ಲ. ಬದುಕಿರುವ ತನಕ ಮನೆ, ಉಸಿರು ನಿಂತ ಮೇಲೆ ಬೀದಿ.

ಅವನ ಹೆಂಡತಿ ಗಾಡಿಯಿಂದ ಇಳಿದು ಬಂದಳು. ಗಂಡಸರ ಕಡೆ ನೋಡಲಿಲ್ಲ, ನೇರ ಅಜ್ಜಿಯ ಕಡೆ ನೋಡಿದಳು. ಅಜ್ಜಿ ಗೇಟಿನ ಒಳಗೆ, ಅವಳು ಹೊರಗೆ. "ಅಮ್ಮಾರ, ಒಂದ್ ಗಳಿಗಿ ಅಷ್ಟ. ನಮ್ಮ ರೂಮಿನ ಹೊಸ್ತಿಲ ದಾಟಿಸಿ ಕರಕೊಂಡ್ ಹೊಕ್ಕೀನ್ರಿ. ಮುಂಜಾನೆ ಅಲ್ಲಿಂದನ ನಡಕೋತ ಹೋಗ್ಯಾರ" ಎಂದಳು. ನಾನು ಕಿಟಕಿಯಲ್ಲಿದ್ದೆ, ಅಮ್ಮನ ಕೈ ನನ್ನ ಹೆಗಲ ಮೇಲಿತ್ತು. ಅಜ್ಜಿ ನೆಲ ನೋಡುತ್ತಿದ್ದಳು. ತಲೆ ಎತ್ತದೆಯೇ, "ಬ್ಯಾಡ ಕಣವ್ವ. ನಮ್ಮ ಮನೇಲಿ ಈಗ್ತಾನೆ ಒಂದು ಎತ್ತಿದೀವಿ. ಇನ್ನೊಂದು ನನ್ನ ಕೈಲಿ ನೋಡಾಕಾಗಲ್ಲ" ಎಂದು ತಿರುಗಿ ಒಳಗೆ ಬಂದಳು. ಹಂಡೆಯಿಂದ ಒಂದು ಬಿಂದಿಗೆ ಬಿಸಿನೀರು ತೋಡಿ ಅಮ್ಮನ ಕೈಲಿ ಹೊರಗೆ ಕಳಿಸಿದಳು. ನಮ್ಮ ಕಾಂಪೌಂಡಿನ ನೆರಳಿನಲ್ಲಿ, ಆಂಬುಲೆನ್ಸಿನ ಬಾಗಿಲು ತೆರೆದುಕೊಂಡು, ಆ ನೀರಿನಲ್ಲಿ ಹೆಂಡತಿ ಗಂಡನ ಮುಖ ತೊಳೆದಳು. ಅಮ್ಮ ಬಿಂದಿಗೆ ನೆಲಕ್ಕಿಟ್ಟು ಮುಖ ತಿರುಗಿಸಿಕೊಂಡು ಬಂದಳು. ಚಿಕ್ಕಪ್ಪ ರಸ್ತೆಯಲ್ಲಿ ಬರುವ ಗಾಡಿಗಳಿಗೆ ಕೈ ತೋರಿಸುತ್ತ ನಿಂತಿದ್ದ. ಅಜ್ಜಿ ಒಲೆಯ ಮುಂದೆ ಕೂತಿದ್ದಳು. ನಮ್ಮಲ್ಲಿ ಒಬ್ಬರಾದರೂ ಅವನ ಮುಖ ನೋಡಿದ್ದರೆ ಸಾಕಿತ್ತು. ಅವಳು ಆ ಹಣೆಗೆ ಏನು ಹಚ್ಚಿದಳು, ಎದೆಯ ಮೇಲೆ ಏನನ್ನು ಸರಿಮಾಡಿದಳು ಎಂಬುದು ಕಾಣುತ್ತಿತ್ತು. ಯಾರೂ ನೋಡಲಿಲ್ಲ. ಗಾಡಿ ಹೊರಟ ಮೇಲೆ ಬಿಂದಿಗೆ ಗೇಟಿನಾಚೆ ಉಳಿಯಿತು. ಅದನ್ನು ಒಳಗೆ ತರಲು ಯಾರಿಗೂ ಮನಸ್ಸಾಗಲಿಲ್ಲ. ಕೊನೆಗೆ ಗುಜರಿಯವನು ತೆಗೆದುಕೊಂಡು ಹೋದ.

ಚಿಕ್ಕಪ್ಪನಿಗೆ ರೂಮು ಖಾಲಿ ಬೀಳುವ ಭಯ ಇದ್ದದ್ದು ನಿಜ. ಅಜ್ಜಿಗೆ ಇನ್ನೊಂದು ಹೆಣ ನೋಡುವ ಶಕ್ತಿ ಇರಲಿಲ್ಲ ಎನ್ನುವುದೂ ನಿಜ. ಅವಳು ಮಗನನ್ನು ಕಳೆದುಕೊಂಡ ಸಂಕಟದಲ್ಲಿ ಇದ್ದಳು ಎಂದು ನಾನು ಎಷ್ಟೋ ಸಲ ಅವಳ ಪರವಾಗಿ ನನ್ನೊಳಗೇ ವಾದ ಮಾಡಿದ್ದೇನೆ. ಪ್ರತಿ ಸಲವೂ ವಾದ ಮುಗಿದ ಮೇಲೆ ಕಾಣುವುದು ಗೇಟಿನ ಆಚೆ ನಿಂತ ಹೆಂಗಸೇ. ಸಂಕಟ ಅವಳದ್ದೂ ಆಗಿತ್ತಲ್ಲ. ಕೆಲವು ದಿನಗಳ ಮೇಲೆ ಅವಳು ಅಣ್ಣನ ಜೊತೆ ಬಂದು ರೂಮಿನ ಸಾಮಾನು ಕಟ್ಟಿಕೊಂಡು ಹೋದಳು. ಸ್ಟೌವು, ಎರಡು ಟ್ರಂಕು, ರೊಟ್ಟಿ ಹಿಟ್ಟು ನಾದುವ ಕಲ್ಲಿನ ಕೊಣಮಿಗೆ. ಸೈಕಲ್ಲು ಮಾತ್ರ ಇರಲಿಲ್ಲ. ಅಷ್ಟು ಹೊತ್ತೂ ಅಜ್ಜಿ ಕೊಟ್ಟಿಗೆಯಲ್ಲಿ ಹಸುವಿನ ಹಿಂದೆ ನಿಂತಿದ್ದಳು. ಸಗಣಿ ಬಾಚಿ ಆಗಿತ್ತು, ಆದರೂ ಬಾಚುತ್ತಿದ್ದಳು. ಅಷ್ಟು ದೊಡ್ಡ ಗಂಟಲಿನ ಹೆಂಗಸು ತನ್ನ ಮನೆಯಲ್ಲೇ ಅಡಗಿಕೊಂಡದ್ದನ್ನು ನಾನು ಅವತ್ತು ನೋಡಿದೆ.

ಆ ವರ್ಷದ ಮಹಾಲಯಕ್ಕೆ ಅಪ್ಪನದು ಮೊದಲ ಎಲೆ. ಅಜ್ಜಿ ತಾನೇ ಹೋಗಿ ಬ್ರಾಂದಿ ತಂದಳು. ಮಗನ ಕೈಯಿಂದ ಎಷ್ಟೋ ಬಾಟ್ಲು ಕಿತ್ತು ಕೊಟ್ಟಿಗೆ ಗೋಡೆಗೆ ಒಡೆದಿದ್ದವಳು, ಸೆರಗಿನಲ್ಲಿ ಸುತ್ತಿಕೊಂಡು ತಂದು ಎಲೆಯ ಪಕ್ಕಕ್ಕಿಟ್ಟಳು. ಒಂದಲ್ಲ, ಎರಡು. ಅಪ್ಪನ ಎಲೆಯ ಆಚೆಗೆ ಇನ್ನೊಂದು ಎಲೆ ಹಾಸಿದಳು. ಚಿಕ್ಕಪ್ಪ ಕೇಳಿದ, "ಇದ್ಯಾರಿಗವ್ವ?"

"ನಾಕನೇ ರೂಮಿನವನಿಗೆ."

"ಬಾಡಿಗೆಯೋರಿಗೆ ಯಾರಾದ್ರೂ ಎಡೆ ಇಡ್ತಾರಾ? ನಮ್ಮ ಕುಲವಾ, ಬಳಗವಾ?"

"ಸತ್ತಾಗ ಒಳಗೆ ಬಿಡ್ನಿಲ್ಲ. ಈಗಾದ್ರೂ ಬರ್ಲಿ ಸುಮ್ಕಿರ್ಲಾ" ಎಂದಳು ಅಜ್ಜಿ. ಚಿಕ್ಕಪ್ಪ ಹೋಗಿ ಗೇಟನ್ನು ಪೂರ್ತಿ ತೆರೆದು, ಅದು ಗಾಳಿಗೆ ಮುಚ್ಚಿಕೊಳ್ಳದಂತೆ ಕಲ್ಲು ಒತ್ತಿಟ್ಟು ಬಂದ. ಅಪ್ಪನಿಗೆ ಏನೇನು ಬಡಿಸಿದಳೋ ಅದನ್ನೆಲ್ಲ ಅವನಿಗೂ ಬಡಿಸಿದಳು. ಮುದ್ದೆ, ಮಟನ್ ಸಾರು, ಬೇಯಿಸಿದ ಮೊಟ್ಟೆ, ಬೋಟಿ ಗೊಜ್ಜು, ಬೀಡಿ ಕಟ್ಟು, ಬೆಂಕಿಪೊಟ್ಟಣ, ಹೊಸ ಪಂಚೆ. ಇಬ್ಬರದೂ ಒಂದೇ ವಯಸ್ಸು, ಒಂದೇ ಥರ ಇರುತ್ತಾರೆ ಅಂತ ಅವಳ ಲೆಕ್ಕ. ಕರೆಯುವಾಗ ಒಂದು ಕ್ಷಣ ತಡವರಿಸಿ, "ನಾಕನೇ ರೂಮಿನಪ್ಪ, ಬಾರಪ್ಪ, ಗೇಟು ತೆಗೆದೈತೆ" ಅಂದಳು. ಅವತ್ತು ಅವಳು ನಡುಮನೆಗೆ ಕಾಲಿಟ್ಟಿದ್ದಳು, ಅಪ್ಪನ ದೀಪ ಇದ್ದ ಜಾಗದಲ್ಲೇ ಕೂತು ಎಲೆ ಒರೆಸಿದ್ದಳು. ಅದು ನಮಗೆ ಹೊಳೆದದ್ದು ಸಂಜೆಗೆ.

ಆಮೇಲೆ ಅಜ್ಜಿ ಚೇತರಿಸಿಕೊಂಡಳು. ಹೌದು, ಅದನ್ನೂ ಹೇಳಬೇಕು. ವರ್ಷ ವರ್ಷವೂ ಆ ಎಲೆ ಬಿತ್ತು. "ನಿಮ್ಮಪ್ಪಂಗೆ ಜೊತೆ ಸಿಕ್ತು ಕಣೆ. ಒಬ್ನೇ ಕುಡೀತಾ ಕೂತಿರ್ತಾನೆ ಅಂತ ಹೊಟ್ಟೆ ಉರೀತಿತ್ತು. ಈಗ ಇಬ್ರೂ ಕೂತು ಮಾತಾಡ್ಕೊಂಡು ಕುಡೀತಾರೆ" ಎಂದು ನನ್ನ ತಲೆ ಬಾಚುತ್ತ ಹೇಳುತ್ತಿದ್ದಳು. ಕೇಳಿ ಕೇಳಿ ನಾನೂ ನಂಬಿದೆ. ಅಪ್ಪ ನನ್ನ ಕನಸಿನಲ್ಲಿ ಬಂದಾಗ ಪಕ್ಕದಲ್ಲಿ ನೀಲಿ ಶರ್ಟಿನವನು ಸೈಕಲ್ಲು ಹಿಡಿದು ನಿಂತಿರುತ್ತಿದ್ದ. ನಮ್ಮ ಮನೆಗೆ ಅಪ್ಪನ ಸಾವನ್ನು ಸಹಿಸಿಕೊಳ್ಳಲು ದಾರಿ ಮಾಡಿಕೊಟ್ಟವನು ಅವನು. ನಾವು ಹೊರಗೆ ನಿಲ್ಲಿಸಿದ ಮನುಷ್ಯ. ಇದರಲ್ಲಿ ಕೆಟ್ಟದ್ದು ಯಾವುದು ಎಂದರೆ, ಬರಬರುತ್ತಾ ಅದು ನಮಗೆ ಹೆಮ್ಮೆಯ ವಿಷಯವಾಯಿತು. ಹೊಸದಾಗಿ ರೂಮಿಗೆ ಬಂದವರಿಗೆ ಚಿಕ್ಕಪ್ಪ, "ನಮ್ಮನೇಲಿ ಬಾಡಿಗೆಯೋರು ಅಂತ ಭೇದ ಇಲ್ಲ ಗುರು, ಸತ್ತೋರಿಗೂ ಎಡೆ ಇಡ್ತೀವಿ" ಎಂದು ಹೇಳಿಕೊಳ್ಳುತ್ತಿದ್ದ. ಗೇಟಿನ ಕಥೆ ಅದರಲ್ಲಿ ಇರುತ್ತಿರಲಿಲ್ಲ. ಎಡೆಯ ಕಥೆ ಮಾತ್ರ ಒಂದು ರೂಮಿನಿಂದ ಇನ್ನೊಂದು ರೂಮಿಗೆ, ಅಲ್ಲಿಂದ ಬಸ್ಸು ಹತ್ತಿ ಊರುಗಳಿಗೆ ಹೋಯಿತು.

ನಾನು ಡಿಗ್ರಿ ಮುಗಿಸಿ ಮಹದೇವಪುರದ ಕಡೆ ಕೆಲಸಕ್ಕೆ ಸೇರಿದ ವರ್ಷ. ಅಮಾವಾಸ್ಯೆ. ಎಡೆ ಇಟ್ಟು, ಕರೆದು, ಬಾಗಿಲು ಮುಚ್ಚಿ ಜಗಲಿಯಲ್ಲಿ ಕೂತಿದ್ದೆವು. ಅಜ್ಜಿಗೆ ಆಗಲೇ ಕಣ್ಣು ಮಂಜಾಗಿತ್ತು. ತೆರೆದ ಗೇಟಿನಲ್ಲಿ ಒಬ್ಬ ಹೆಂಗಸು ಬಂದು ನಿಂತಳು. ಇಳಕಲ್ ಸೀರೆ, ತಲೆ ಮೇಲೆ ಸೆರಗು, ಕೈಯಲ್ಲಿ ಬಿಳಿ ಬಟ್ಟೆಯ ಗಂಟು. ಒಳಗೆ ಬರಲಿಲ್ಲ. ನಮ್ಮ ಅಮ್ಮನೇ ಮೊದಲು ಗುರುತು ಹಿಡಿದು ಎದ್ದು ನಿಂತಳು. "ನಾಕನೇ ರೂಮಿನವಳು" ಎಂದು ಮೆಲ್ಲಗೆ ಅಜ್ಜಿಗೆ ಹೇಳಿದಳು. ಅಜ್ಜಿ ಕೋಲೂರಿಕೊಂಡು ತಾನೇ ಗೇಟಿನ ತನಕ ಹೋದಳು. ಅವಳ ಮೊಣಕೈ ಹಿಡಿದು, "ಬಾ ತಾಯಿ, ಒಳಗೆ ಬಾ. ನಿನ್ನ ಗಂಡ ಊಟ ಮಾಡ್ತಾ ಅವ್ನೆ" ಅಂದಳು.

ಅವಳು ಜಗಲಿಯ ಅಂಚಿಗೆ ಕೂತಳು. ಅವಳ ಊರಿನ ಹುಡುಗನೊಬ್ಬ ನಮ್ಮಲ್ಲಿ ಬಾಡಿಗೆಗಿದ್ದು ಹೋದವನು ಅವಳಿಗೆ ಈ ಎಡೆಯ ವಿಷಯ ಹೇಳಿದ್ದನಂತೆ. ತವರಿನಲ್ಲಿ ಇದ್ದಾಳಂತೆ, ಶಾಲೆಯಲ್ಲಿ ಮಕ್ಕಳಿಗೆ ಅಡುಗೆ ಮಾಡುತ್ತಾಳಂತೆ. "ಯಾರ ಮಾಡ್ತಾರ್ರೀ ಇಷ್ಟ. ರಕ್ತಸಂಬಂಧ್ದವ್ರ ಮರತಬಿಟ್ಟಾರ. ಒಮ್ಮೆ ಬಂದು ಕೈ ಮುಗದು ಹೋಗೂಣು ಅಂತ ಬಂದೆ" ಎಂದು ಗಂಟನ್ನು ಅಜ್ಜಿಯ ತೊಡೆಯ ಮೇಲಿಟ್ಟಳು. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಎನ್ನುವ ಕಡಲೆಕಾಯಿ ಚಟ್ನಿಪುಡಿ. ನಮಗೆಂದೇ ಮಾಡಿ ತಂದಿದ್ದಳು. ಅಷ್ಟು ದೂರದಿಂದ ಒಂದೂ ಮುರಿಯದ ಹಾಗೆ. ಅಜ್ಜಿಯ ಮುಖ ನಾನು ಮರೆತಿಲ್ಲ. ಅಷ್ಟು ವರ್ಷ ಎದೆಯಲ್ಲಿ ಹೊತ್ತಿದ್ದ ಕಲ್ಲನ್ನು ಯಾರೋ ಇಳಿಸಿಕೊಂಡ ಹಾಗಿತ್ತು. ಅವಳು ಮಾಫಿ ಕೇಳಬೇಕೆಂದಿದ್ದಳು, ಕೇಳುವ ಮೊದಲೇ ಸಿಕ್ಕಿಬಿಟ್ಟಿತ್ತು. ಸಂಭ್ರಮದಿಂದ ಕೆಮ್ಮಿ, ಬಾಗಿಲು ತಟ್ಟಿ, ತೆರೆದು, "ಅಗೋ ನೋಡವ್ವ, ಕೊನೇದು. ನನ್ನ ಮಗನ ಪಕ್ಕದ್ದು" ಎಂದು ತೋರಿಸಿದಳು.

ಆ ಹೆಂಗಸು ಹೊಸ್ತಿಲಲ್ಲೇ ನಿಂತಳು. ಸೆರಗನ್ನು ಬಾಯಿಗೆ ಮೂಗಿಗೆ ಅಡ್ಡ ಹಿಡಿದಳು. ಅಳುತ್ತಿದ್ದಾಳೆ ಅಂದುಕೊಂಡೆವು. ಅಜ್ಜಿ ಬೆನ್ನು ಸವರುತ್ತ, "ಅಳಬ್ಯಾಡ, ಅವನಿಗೆ ಇಲ್ಲೇನೂ ಕಮ್ಮಿ ಮಾಡಿಲ್ಲ. ನನ್ನ ಮಗನಿಗೆ ಹಾಕಿದಷ್ಟೇ ಅವನಿಗೂ ಹಾಕಿದೀನಿ, ಕಾಲ್ಸೂಪೂ ಇಟ್ಟಿದೀನಿ" ಎಂದಳು. ಅವಳು ಅಳುತ್ತಿರಲಿಲ್ಲ. ಎಲೆಯ ತುಂಬ ಇದ್ದ ಮಾಂಸ, ತೆರೆದಿಟ್ಟ ಬಾಟ್ಲು, ಬೀಡಿಗಳನ್ನು ಒಂದೊಂದಾಗಿ ನೋಡಿದಳು. ಆಮೇಲೆ ಸೆರಗು ತೆಗೆಯದೆಯೇ, ನಮಗೆ ನೋವಾಗಬಾರದು ಎನ್ನುವಷ್ಟು ಮೆಲ್ಲಗೆ ಹೇಳಿದಳು. "ಯವ್ವ, ಅವರು ಲಿಂಗಾ ಕಟ್ಟಿದವರ್ರೀ. ಇದನ್ನೆಲ್ಲ ಮುಟ್ಟತಿದ್ದಿಲ್ಲ. ಕುಡಿಯೂದಂತೂ ಗೊತ್ತೇ ಇದ್ದಿಲ್ಲ."

ನನಗೆ ನೆಲ ಬಾಯಿಬಿಟ್ಟರೆ ಸಾಕು ಅನ್ನಿಸಿತು. ಅಮ್ಮ ಗೋಡೆಯ ಕಡೆ ತಿರುಗಿದಳು. ಚಿಕ್ಕಪ್ಪ ಬಾಗಿಲಲ್ಲಿ ನಿಂತವನು ಹಿಂದಕ್ಕೆ ಸರಿದ. ಅಜ್ಜಿ ಅಲ್ಲೇ ಕುಕ್ಕರಿಸಿದಳು. "ಅಂಗಾದ್ರೆ ಇಷ್ಟು ವರ್ಷ ಅವನ್ನ ಕರೆದು ಕರೆದು ಉಪವಾಸ ಕಳಿಸಿದ್ನಾ" ಎಂದಳು. ಯಾರನ್ನು ಕೇಳಿದಳೋ ಗೊತ್ತಿಲ್ಲ. ಮೊದಲು ಗೇಟಿನಲ್ಲಿ ತಡೆದೆವು, ಆಮೇಲೆ ಒಳಗೆ ಕರೆದು ಅವನು ಮೂಗು ಮುಚ್ಚಿಕೊಳ್ಳುವಂಥದ್ದನ್ನು ಮುಂದಿಟ್ಟೆವು, ಅದನ್ನು ಊರಿಗೆಲ್ಲ ಹೇಳಿಕೊಂಡೆವು. ಬೇರೆಯವರ ಸಾವನ್ನೂ ನಮ್ಮ ಸಾವಿನ ಅಳತೆಗೇ ಹೊಲಿದುಬಿಟ್ಟಿದ್ದೆವು. ಅವನ ಹೆಂಡತಿ ನಮ್ಮ ಮೇಲೆ ಕೂಗಾಡಿದ್ದರೆ ಚೆನ್ನಾಗಿತ್ತು. ಅವಳು ಅಜ್ಜಿಯ ಎದುರಿಗೆ ಕೂತು, ಎಲೆಯ ಮುಂದಿದ್ದ ಲೋಟ ನೋಡಿದಳು. "ಇರಲಿ ಬಿಡ್ರಿ ಯವ್ವ. ನೀರ ಇಟ್ಟೀರಲ್ಲ. ನೀರ ಕುಡದು ಹೋಗಿರ್ತಾರ" ಎಂದಳು. ಲೋಟದಿಂದ ಕಣ್ಣು ತೆಗೆಯದೆ, "ಅವತ್ತೂ ನೀರ ಕೊಟ್ಟಿದ್ರಿ" ಎಂದಳು. ಅದು ಉಪಕಾರ ಸ್ಮರಣೆಯೋ, ಚುಚ್ಚಿದ್ದೋ, ನನಗೆ ಈವರೆಗೂ ತೀರ್ಮಾನವಾಗಿಲ್ಲ.

ಅಜ್ಜಿ ಕಣ್ಣೊರೆಸಿಕೊಂಡು, "ಅವನ ಹೆಸರೇನವ್ವ?" ಎಂದು ಕೇಳಿದಳು. ಆ ಕಡೆಯ ಹೆಂಗಸರು ಗಂಡನ ಹೆಸರು ಸುಮ್ಮನೆ ಹೇಳುವವರಲ್ಲ. ಅವಳು ಸೆರಗು ಮುಂದಕ್ಕೆಳೆದುಕೊಂಡು, ನೆಲಕ್ಕೆ ಹೇಳುವಂತೆ, "ಶೇಖಪ್ಪ ಅಂತ್ರಿ" ಎಂದಳು. ಅವನು ನಮ್ಮ ಕಾಂಪೌಂಡಿಗೆ ಬಂದು, ಇದ್ದು, ಸತ್ತು, ವರ್ಷ ವರ್ಷ ಎಡೆ ತೆಗೆದುಕೊಂಡು ಆದ ಮೇಲೆ ನಾವು ಕೇಳಿದ ಹೆಸರು.

ಅಮ್ಮ ಎದ್ದು ಎಲೆಗಳನ್ನೆಲ್ಲ ಅಡುಗೆಮನೆಗೆ ಸಾಗಿಸಿದಳು. ನೆಲವನ್ನು ಎರಡು ಸಲ ಒರೆಸಿ, ಕಿಟಕಿ ತೆರೆದು, ಊದುಬತ್ತಿ ಹಚ್ಚಿದಳು. ಯಾರೂ ಹೇಳದೆಯೇ ಚಿಕ್ಕಪ್ಪ ಗಾಡಿ ಹತ್ತಿ ಹೋಗಿ ಮೊಸರು, ಬಾಳೆಹಣ್ಣು, ಒಂದು ವಿಭೂತಿ ಗಟ್ಟಿ ತಂದ. ಅಡುಗೆಮನೆಯಲ್ಲಿ ಮಾಂಸ ತಾಗದ ಪಾತ್ರೆ ಒಂದೂ ಇರಲಿಲ್ಲ. ಅದಕ್ಕೇ ನಮಗೆಂದು ತಂದ ಗಂಟನ್ನೇ ಆ ಹೆಂಗಸು ಬಿಚ್ಚಿದಳು. ಹೊಸ ಎಲೆಯ ಮೇಲೆ ರೊಟ್ಟಿ, ಹಿಂಡಿ, ಮೊಸರು, ಬೆಲ್ಲದ ಚೂರು ಇಟ್ಟಳು. ನೀರಿನ ಲೋಟವನ್ನು ಅಜ್ಜಿಯೇ ತೊಳೆದು ತಂದಿಟ್ಟಳು. "ಶೇಖಪ್ಪ, ಬಾರಪ್ಪ" ಎಂದು ಕರೆದಳು. ಎರಡನೇ ಸಲ ಹೊರಗೆ ಬಂದು ಬಾಗಿಲು ಮುಚ್ಚಿದೆವು. ನಮ್ಮ ಮನೆಯ ಚರಿತ್ರೆಯಲ್ಲೇ ಅದುವರೆಗೆ ಒಂದೇ ದಿನ ಎರಡು ಸಲ ಬಾಗಿಲು ಮುಚ್ಚಿರಲಿಲ್ಲ.

ಜಗಲಿಯ ಮೇಲೆ ಇಬ್ಬರು ಹೆಂಗಸರೂ ಅಕ್ಕಪಕ್ಕ ಕೂತರು. ಹಿಂದೆ ಹಳಿಯ ಮೇಲೆ ಒಂದು ಗೂಡ್ಸ್ ರೈಲು ಹೋಯಿತು, ಮುಗಿಯದ ಹಾಗೆ. ಮಧ್ಯಾಹ್ನ ಜಾರುತ್ತಿತ್ತು, ಎಲ್ಲರಿಗೂ ಹಸಿವು, ನಾವು ಯಾರೂ ಉಂಡಿರಲಿಲ್ಲ. ಕೊನೆಗೆ ಅಜ್ಜಿ, "ನೀನೇ ತಟ್ಟವ್ವ" ಎಂದಳು. ಅವಳು ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದಳು. "ತಡೀರಿ. ಇನ್ನ ಸ್ವಲ್ಪ ಹೊತ್ತ ಕುಂತಿರಲಿ" ಎಂದಳು. ಬಾಗಿಲು ಮುಚ್ಚಿರುವ ತನಕ ಅವನು ಒಳಗಿದ್ದ. ಅವತ್ತು ಅವಳು ಗೇಟಿನಲ್ಲಿ ಕೇಳಿದ್ದು ಇಷ್ಟನ್ನೇ. ನಾವೆಲ್ಲ ಹಸಿದುಕೊಂಡು ಕೂತೆವು, ಚಿಕ್ಕಪ್ಪನೂ ಕೂತ. ಬಿಸಿಲು ಜಗಲಿಯಿಂದ ಇಳಿದು ಅಂಗಳಕ್ಕೆ ಹೋದ ಮೇಲೆ ಅವಳು ಎದ್ದು, ಬೆರಳ ಗೆಣ್ಣಿನಿಂದ, ಮಲಗಿದವರನ್ನು ಎಬ್ಬಿಸುವಷ್ಟೇ ಸದ್ದಿನಲ್ಲಿ ಬಾಗಿಲು ತಟ್ಟಿದಳು. ಸಂಜೆ ಅವಳು ಬಸ್ಸಿಗೆ ಹೊರಟಾಗ ಅಜ್ಜಿ ಗೇಟಿನ ತನಕ ಹೋಗಿ ಅವಳ ಎರಡೂ ಕೈ ಹಿಡಿದು ನಿಂತಿದ್ದಳು. ಅವಳು ಮತ್ತೆ ಬರಲಿಲ್ಲ.

ಆ ಮನೆ ಈಗ ಇಲ್ಲ. ಅಜ್ಜಿ ಹೋದ ಮೇಲೆ ಜಗಲಿ, ನಡುಮನೆ, ಕಣದ ರೂಮುಗಳು ಎಲ್ಲವನ್ನೂ ಕೆಡವಿ ಚಿಕ್ಕಪ್ಪ ಹುಡುಗರ ಪಿಜಿ ಕಟ್ಟಿಸಿದ. ಅಲ್ಲಿಯೂ ಬಾಗಿಲುಗಳಿಗೆ ನಂಬರಿದೆ. ಅಮ್ಮನ ಮಿಷನ್ನು ನನ್ನ ಫ್ಲ್ಯಾಟಿನ ಬಾಲ್ಕನಿಯಲ್ಲಿದೆ, ಅಮ್ಮನೂ ಈಗ ಎಲೆಯ ಸಾಲಿಗೆ ಸೇರಿದ್ದಾಳೆ. ಎಡೆ ಇಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಬೆಳಿಗ್ಗೆ ಎದ್ದು ಮೊದಲು ಶೇಖಪ್ಪನದು ಮುಗಿಸುತ್ತೇನೆ. ರೊಟ್ಟಿ, ಹಿಂಡಿ, ಮೊಸರು ಇಟ್ಟು, ಮೆಟ್ಟಿಲ ಹತ್ತಿರ ಹೋಗಿ ನಿಂತು, ಬಾಗಿಲು ಬೇಗ ತಟ್ಟುವುದಿಲ್ಲ. ಅವನ ಎಲೆ ಎತ್ತಿದ ಮೇಲೇ ಒಲೆಗೆ ಮಾಂಸ. ಆಮೇಲೆ ಅಪ್ಪ, ಅಮ್ಮ, ಅಜ್ಜಿ. ಅಪ್ಪನ ಎಲೆಗೆ ಬ್ರಾಂದಿ ಇಡುವಾಗ ಈಗ ಕಾಮಾಲೆ ಎಂದು ಸುಳ್ಳು ಹೇಳುವುದಿಲ್ಲ, ಕೇಳಿದವರಿಗೆ ಇದ್ದದ್ದನ್ನೇ ಹೇಳುತ್ತೇನೆ.

ಮೊನ್ನೆ ಮೆಟ್ಟಿಲ ಮೇಲೆ ಕೂತಾಗ ನನಗೆ ಕಾಣಿಸಿದ್ದು ಆ ಹೆಂಗಸಿನ ಬೆರಳ ಗೆಣ್ಣು. ಅವಳಿಗೂ ಈಗ ವಯಸ್ಸಾಗಿರಬೇಕು. ಇದ್ದಾಳೋ ಇಲ್ಲವೋ, ಹೇಳುವವರಿಲ್ಲ. ಬದುಕಿರುವವರಿಗೆ ಎಲೆ ಹಾಕಬಾರದು, ಅದು ಕೆಡುಕು. ಹಾಗಂತ ಬಿಟ್ಟುಬಿಟ್ಟರೆ, ಸತ್ತಿದ್ದರೆ ಮತ್ತೆ ಗೇಟಿನಾಚೆಯೇ ನಿಲ್ಲಿಸಿದಂತಾಗುತ್ತದೆ. ಅದಕ್ಕೇ ಶೇಖಪ್ಪನ ಎಲೆಯ ಪಕ್ಕದಲ್ಲಿ, ಎಲೆಯಿಲ್ಲದೆ, ಒಂದು ಲೋಟ ನೀರು ಮಾತ್ರ ಇಟ್ಟೆ. ಧೂಪ ಹಾಕಿದೆ. ಅವನ ಹೆಸರು ಹಿಡಿದು ಕರೆದೆ. ಅವಳನ್ನು ಕರೆಯಲು ಬಾಯಿ ತೆರೆದವಳು ಹಾಗೇ ನಿಂತೆ. ಅವತ್ತು ಅಷ್ಟು ಹೊತ್ತು ನಮ್ಮ ಜಗಲಿಯಲ್ಲಿ ಕೂತಿದ್ದಳು, ಗಂಡನ ಹೆಸರು ಕೇಳಿ ತಿಳಿದುಕೊಂಡೆವು. ಅವಳ ಹೆಸರನ್ನು ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ. 'ನಾಲ್ಕನೇ ರೂಮಿನವ್ವ' ಎಂದು ಬಾಯಿಗೆ ಬಂತು. ನುಂಗಿಕೊಂಡು, ಹೊರಗೆ ಬಂದು, ಬಾಗಿಲು ಮುಚ್ಚಿದೆ.